ಮನೆಮಂದಿಯೆಲ್ಲ ಕಣ್ಣು ತೋರಿಸಿಕೊಂಡು ಬಂದೆವು

ಕಣ್ಣು ಕೆಂಪಾದರೆ, ನೋವಾದರೆ, ನೀರು ಸುರಿದರೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ಇದ್ಯಾವುದೂ ಇರಲಿಲ್ಲ. ಆದರೂ ಎಲ್ಲರೂ ಪರೀಕ್ಷೆ ಮಾಡಿಸಿಕೊಂಡಾಗ, ಒಂದನೇ ತರಗತಿಯ ಮಗಳಿಂದ ಹಿಡಿದು ಎಪ್ಪತ್ತು ದಾಟಿದ ಮಾವನವರೆಗೆ ಪ್ರತಿಯೊಬ್ಬರ ಕಣ್ಣಲ್ಲೂ ಏನಾದರೊಂದು ಸಿಕ್ಕಿತು. ಅದರಲ್ಲಿ ಎರಡಂತೂ ತಡವಾದಷ್ಟೂ ಕೈಮೀರಿ ಹೋಗುವಂಥವು. ಅದಕ್ಕೇ ಇಷ್ಟನ್ನೂ ಬರೆಯುತ್ತಿದ್ದೇನೆ.

ಶುರುವಾಗಿದ್ದು ಮಗಳ ಶಾಲೆಯಿಂದ ಬಂದ ಒಂದು ಚೀಟಿಯಿಂದ. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡಿದ್ದರು. ಎಡಗಣ್ಣಿನ ದೃಷ್ಟಿ ಕಡಿಮೆ ಇದೆ, ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಬರೆದಿತ್ತು. ನಮಗೆ ಅಚ್ಚರಿ. ಅವಳು ಚೆನ್ನಾಗಿ ಓದುತ್ತಾಳೆ, ಚಿತ್ರಕ್ಕೆ ಬಣ್ಣ ಹಚ್ಚುವಾಗ ಗೆರೆ ದಾಟುವುದಿಲ್ಲ, ರಸ್ತೆಯ ಆ ಬದಿಯಲ್ಲಿ ಹೋಗುವವರನ್ನು ಗುರುತಿಸಿ ಕೂಗುತ್ತಾಳೆ. ಮೆಳ್ಳೆಗಣ್ಣಿಲ್ಲ. ತಲೆನೋವು ಅಂದಿದ್ದಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಅಕ್ಷರದ ಪಟ್ಟಿ ಓದಿಸಿದರು. ಎಡಗಣ್ಣು ಮುಚ್ಚಿದಾಗ ಕೊನೆಯ ಸಾಲಿನವರೆಗೂ ಪಟಪಟ ಓದಿದಳು. ಬಲಗಣ್ಣಿಗೆ ಕಪ್ಪು ಮುಚ್ಚಳ ಹಿಡಿದ ಕೂಡಲೇ ತಲೆ ಒಂದು ಕಡೆಗೆ ವಾಲಿತು. ಮುಚ್ಚಳದ ಅಂಚಿನಿಂದ ಇಣುಕಿ ಓದುತ್ತಿದ್ದಳು! ಬೇಕಂತ ಮಾಡಿದ್ದಲ್ಲ. ಕಾಣುವ ಕಣ್ಣು ದಾರಿ ಹುಡುಕಿಕೊಂಡಿತ್ತು, ಅಷ್ಟೆ. ಪರೀಕ್ಷೆ ಮಾಡುತ್ತಿದ್ದ ಆಪ್ಟೋಮೆಟ್ರಿಸ್ಟ್ ನಕ್ಕು, ಮುಚ್ಚಳ ತೆಗೆದು, ಬಲಗಣ್ಣಿನ ಮೇಲೆ ಅಂಟುವ ಪ್ಯಾಚ್ ಹಾಕಿದರು. ಈಗ ಇಣುಕಲು ಜಾಗವೇ ಇಲ್ಲ. ಮೇಲಿನ ಕೆಲವು ದೊಡ್ಡ ಸಾಲು ಓದಿ ಅವಳು ನಿಂತುಬಿಟ್ಟಳು. "ಅಮ್ಮಾ, ಕೆಳಗಡೆ ಅಕ್ಷರ ಎಲ್ಲಾ ಅಳಿಸಿಹೋಗಿದೆ" ಅಂದಳು. ನನಗೆ ಎದೆ ಧಸಕ್ಕೆಂದಿತು.

ಬಲಗಣ್ಣು 6/6, ಎಡಗಣ್ಣು 6/24 ಎಂದು ಬರೆದರು. ಈ ಅಂಕಿಗಳ ಅರ್ಥ ಕೇಳಿ ತಿಳಿದುಕೊಂಡೆ. ಒಳ್ಳೆಯ ಕಣ್ಣು 24 ಮೀಟರ್ ದೂರದಿಂದ ಓದುವ ಅಕ್ಷರವನ್ನು ಇವಳ ಎಡಗಣ್ಣು 6 ಮೀಟರ್ ಹತ್ತಿರ ಬಂದರಷ್ಟೇ ಓದುತ್ತದೆ. ಮೇಲೆ ದೊಡ್ಡ ಅಕ್ಷರ, ಕೆಳಗಿಳಿದಂತೆ ಚಿಕ್ಕದು ಇರುವ ಈ ಪಟ್ಟಿ ಹರ್ಮನ್ ಸ್ನೆಲೆನ್ ಎಂಬ ಡಚ್ ವೈದ್ಯರು 1862ರಲ್ಲಿ ಮಾಡಿದ್ದು. ಇವತ್ತಿಗೂ ಕಣ್ಣಿನ ಪರೀಕ್ಷೆ ಅಲ್ಲಿಂದಲೇ ಶುರುವಾಗುತ್ತದೆ.

ಆಮೇಲೆ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದರು. ಸ್ವಲ್ಪ ಉರಿಯುತ್ತದೆ, ಒಂದೆರಡು ನಿಮಿಷ ಅತ್ತಳು. ಮಕ್ಕಳಿಗೆ ಈ ಡ್ರಾಪ್ಸ್ ಯಾಕೆ ಬೇಕೇಬೇಕು ಅನ್ನುವುದನ್ನು ಹೇಳಲೇಬೇಕು. ಮಕ್ಕಳ ಕಣ್ಣೊಳಗಿನ ಮಸೂರ ತುಂಬಾ ಮೆದು, ಅದನ್ನು ಹಿಡಿದಿರುವ ಸ್ನಾಯುವಿಗೆ ಶಕ್ತಿ ಜಾಸ್ತಿ. ಪವರ್ ಇದ್ದರೂ ಅವು ಬಿಗಿದುಕೊಂಡು ಅದನ್ನು ಮರೆಮಾಚಿಬಿಡುತ್ತವೆ. ಡ್ರಾಪ್ಸ್ ಆ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ. ಆಗ ನಿಜವಾದ ನಂಬರ್ ಹೊರಬೀಳುತ್ತದೆ. ಪಾಪೆ ದೊಡ್ಡದಾದ ಮೇಲೆ ಡಾಕ್ಟರು ಕತ್ತಲೆ ಕೋಣೆಯಲ್ಲಿ ಒಂದು ಬೆಳಕಿನ ಗೆರೆಯನ್ನು ಅವಳ ಕಣ್ಣ ಮೇಲೆ ಆಡಿಸುತ್ತಾ, ಒಂದೊಂದೇ ಲೆನ್ಸ್ ಹಿಡಿಯುತ್ತಾ ಹೋದರು. ಮಗು ಬಾಯಿಬಿಟ್ಟು ಏನೂ ಹೇಳಬೇಕಿಲ್ಲ. ಹಾಗಾಗಿ ಮಾತು ಬಾರದ ಕೂಸಿನ ನಂಬರನ್ನೂ ಹೀಗೆ ಹಿಡಿಯಬಹುದು. ಮಗು ಚಿಕ್ಕದು, ಏನು ಹೇಳೀತು ಅಂತ ಪರೀಕ್ಷೆ ಮುಂದೂಡುವವರಿಗೆ ಇದು ಗೊತ್ತಿರಲಿ.

ಬಲಗಣ್ಣಿಗೆ ಪ್ಲಸ್ ಒಂದು, ಎಡಗಣ್ಣಿಗೆ ಪ್ಲಸ್ ನಾಲ್ಕೂವರೆ ಬಂತು.

"ಕಣ್ಣೊಳಗೆ ಬೇರೆ ತೊಂದರೆ ಏನೂ ಇಲ್ಲಮ್ಮ" ಅಂದರು ಡಾಕ್ಟರು. "ಎಡಗಣ್ಣು ಇಷ್ಟು ವರ್ಷ ಮಸುಕು ಚಿತ್ರ ಕಳಿಸಿದೆ. ಬಲಗಡೆಯಿಂದ ಸ್ಪಷ್ಟವಾಗಿ ಬರ್ತಾ ಇರೋವಾಗ ಮಿದುಳು ಆ ಮಸುಕನ್ನ ಯಾಕೆ ತಗೊಳ್ಳುತ್ತೆ? ಬಿಟ್ಟೇಬಿಟ್ಟಿದೆ."

ಇದಕ್ಕೆ ಆಂಬ್ಲಿಯೋಪಿಯಾ ಅನ್ನುತ್ತಾರೆ. ಸೋಮಾರಿ ಕಣ್ಣು ಅಂತಲೂ ಕರೆಯುತ್ತಾರೆ. ಎರಡೂ ಕಣ್ಣು ತೆರೆದಿದ್ದಾಗ ಮಗುವಿಗೆ ಯಾವ ಕೊರತೆಯೂ ಗೊತ್ತಾಗುವುದಿಲ್ಲ. ನೋಡುವವರಿಗೂ ಗೊತ್ತಾಗುವುದಿಲ್ಲ. ಒಂದು ಕಣ್ಣು ಮುಚ್ಚಿ ನೋಡುವವರೆಗೆ ಅದು ಹೊರಗೆ ಬರುವುದೇ ಇಲ್ಲ. ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಚೆನ್ನಾಗಿರುತ್ತದೆ. ಅದಾದ ಮೇಲೂ ಎಷ್ಟೋ ಮಕ್ಕಳಲ್ಲಿ ಸುಧಾರಣೆ ಕಾಣುತ್ತದೆ, ಆದರೆ ಕಷ್ಟ ಜಾಸ್ತಿ, ಫಲ ಕಡಿಮೆ. ವಯಸ್ಸು ಮೀರಿತು ಅಂತ ಯಾರಾದರೂ ಕೈಚೆಲ್ಲಿದ್ದರೆ ಒಮ್ಮೆ ಮಕ್ಕಳ ಕಣ್ಣಿನ ತಜ್ಞರನ್ನು ಕೇಳುವುದು ಒಳ್ಳೆಯದು.

ಮೊದಲು ಬರೀ ಕನ್ನಡಕ. ಎದ್ದಾಗಿನಿಂದ ಮಲಗುವವರೆಗೆ. ಕೆಲವು ವಾರಗಳಲ್ಲಿ ಅಷ್ಟರಿಂದಲೇ ಎಡಗಣ್ಣು 6/18ಕ್ಕೆ ಬಂತು. ಆಮೇಲೆ ಪ್ಯಾಚ್. ದಿನಕ್ಕೆ 2 ಗಂಟೆ, ಚೆನ್ನಾಗಿರುವ ಬಲಗಣ್ಣಿಗೆ. ಚೆನ್ನಾಗಿರುವ ಕಣ್ಣನ್ನು ಯಾಕೆ ಮುಚ್ಚುತ್ತೀರಿ ಎಂದು ನೋಡಿದವರೆಲ್ಲ ಕೇಳುತ್ತಿದ್ದರು. ಮುಚ್ಚಿದರೆ ತಾನೇ ಇನ್ನೊಂದು ಕೆಲಸ ಮಾಡುವುದು? ತೊಂದರೆ ತೀವ್ರವಾಗಿದ್ದರೆ ಹೆಚ್ಚು ಗಂಟೆ ಹಾಕಿಸುತ್ತಾರೆ. ಕೆಲವು ಮಕ್ಕಳಿಗೆ ಪ್ಯಾಚ್ ಬದಲು ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಡ್ರಾಪ್ಸ್ ಹಾಕಿ ಅದನ್ನು ಮಸುಕು ಮಾಡುತ್ತಾರೆ.

ಪ್ಯಾಚ್ ವಿಷಯದಲ್ಲಿ ಕೈಗೆ ಬಂದ ಕೆಲವು ಮಾತು ಹೇಳುತ್ತೇನೆ, ಇದನ್ನು ಮಾಡುತ್ತಿರುವ ಬೇರೆ ಅಮ್ಮಂದಿರಿಗೆ ಬೇಕಾಗಬಹುದು. ಪ್ಯಾಚನ್ನು ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಬೇಕು. ಕನ್ನಡಕದ ಗಾಜಿಗೆ ಅಂಟಿಸಿದರೆ ಮಗು ಮೇಲಿಂದಲೋ ಪಕ್ಕದಿಂದಲೋ ಇಣುಕುತ್ತದೆ. ಶುರುವಿನಲ್ಲಿ ಅವಳು ಕಿತ್ತು ಎಸೆಯುತ್ತಿದ್ದಳು. ಹಟ ಅಂದುಕೊಳ್ಳಬೇಡಿ. ಅವಳಿಗೆ ಆ ಹೊತ್ತಿನಲ್ಲಿ ನಿಜಕ್ಕೂ ಮಸುಕಾಗಿಯೇ ಕಾಣುತ್ತಿತ್ತು. ಪ್ಯಾಚ್ ಇರುವಾಗ ಮಾತ್ರ ಸಿಗುವ ಆಟ ಅಂತ ಕೆಲವನ್ನು ಎತ್ತಿಟ್ಟೆವು: ಮಣಿ ಪೋಣಿಸುವುದು, ಚಿತ್ರದ ತುಂಡು ಜೋಡಿಸುವುದು, ಚುಕ್ಕಿ ಸೇರಿಸುವುದು. ಹತ್ತಿರದ ಸೂಕ್ಷ್ಮ ಕೆಲಸ ಮಾಡಿದಷ್ಟೂ ಕಣ್ಣು ತೊಡಗುತ್ತದೆ. ಮಾವ ಅವಳ ಎದುರು ಕೂತು ಮಣಿಯ ತಟ್ಟೆ ಹಿಡಿಯುತ್ತಿದ್ದರು. ಮೊದಮೊದಲು ಸೂಜಿ ಮಣಿಯ ತೂತಿನ ಪಕ್ಕಕ್ಕೆ ಹೋಗುತ್ತಿತ್ತು. ಬರಬರುತ್ತಾ ಸಣ್ಣ ಮಣಿಗೂ ನೇರ ಇಳಿಯತೊಡಗಿತು. ಡಾಕ್ಟರ ಪಟ್ಟಿಗಿಂತ ಮೊದಲೇ ನಮಗೆ ಆ ಮಣಿಸರದಲ್ಲಿ ಫಲ ಕಂಡಿತ್ತು. ಪ್ಯಾಚ್ ತೆಗೆಯುವಾಗ ಒದ್ದೆ ಬಟ್ಟೆಯಿಂದ ಅಂಚು ನೆನೆಸಿ ನಿಧಾನಕ್ಕೆ ಬಿಡಿಸಿದರೆ ಚರ್ಮ ಕೆಂಪಾಗುವುದಿಲ್ಲ.

ಈಗ ಎಡಗಣ್ಣು 6/9ಕ್ಕೆ ಬಂದಿದೆ. ಪ್ಯಾಚನ್ನು ಒಮ್ಮೆಲೇ ನಿಲ್ಲಿಸಬೇಡಿ, ಕಣ್ಣು ಹಿಂದಕ್ಕೆ ಜಾರಬಹುದು, ನಾವು ಹೇಳಿದ ಹಾಗೆ ಕಡಿಮೆ ಮಾಡುತ್ತಾ ಬನ್ನಿ ಎಂದಿದ್ದಾರೆ.

ಮಗಳ ಕಡತ ಬರೆಯುವಾಗಲೇ ಡಾಕ್ಟರು ಮನೆಯವರ ಬಗ್ಗೆ ಕೇಳಿದ್ದರು. ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ? ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ? ನಲವತ್ತು ದಾಟಿದವರು ಯಾವಾಗ ಕಣ್ಣು ತೋರಿಸಿದ್ದು? ಅವತ್ತು ರಾತ್ರಿ ಮನೆಯಲ್ಲಿ ಎಲ್ಲರೂ ಒಂದೊಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದೆವು. ಅತ್ತೆಗೆ ಒಂದು ಕಣ್ಣಲ್ಲಿ ಗೋಡೆ ಬಿಳಿ, ಇನ್ನೊಂದರಲ್ಲಿ ಹಳೆಯ ಕಾಗದದ ಹಾಗೆ ಹಳದಿ. ಮಾವ ಎರಡೂ ಕಣ್ಣಲ್ಲೂ ತಾರೀಖು ಸರಿಯಾಗಿ ಓದಿದರು. "ನನಗೇನಮ್ಮ ಆಗಿದೆ, ಕನ್ನಡಕ ಇಲ್ಲದೆ ದೂರದ್ದೆಲ್ಲ ಕಾಣುತ್ತೆ" ಅಂದರು. ಅವರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕೊನೆಗೆ ಮೊಮ್ಮಗಳು ಬಂದು "ಅಜ್ಜಾ, ನಾನು ಅತ್ತಿದ್ದು ಎರಡೇ ನಿಮಿಷ" ಎಂದಳು. ಹೊರಟರು.

ಮಾವನಿಗೆ ಅಕ್ಷರದ ಪಟ್ಟಿಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಕಣ್ಣಿನ ಒತ್ತಡ ಅಳೆದಾಗ ಬಲಗಡೆ 26, ಎಡಗಡೆ 22 ಬಂತು. ಸಾಮಾನ್ಯವಾಗಿ ಇದು 10ರಿಂದ 21ರೊಳಗೆ ಇರುತ್ತದೆ. ಅಳತೆ ಬಿಪಿಯ ಹಾಗೇ ಮಿಲಿಮೀಟರ್ ಪಾದರಸದಲ್ಲಿ, ಆದರೆ ಬಿಪಿಗೂ ಇದಕ್ಕೂ ಸಂಬಂಧ ಕಲ್ಪಿಸಬೇಡಿ, ಇದು ಕಣ್ಣೊಳಗಿನ ನೀರಿನ ಒತ್ತಡ. ಈ ಒಂದು ಅಂಕಿ ನೋಡಿ ಯಾರೂ ಗ್ಲಾಕೋಮಾ ಎಂದು ತೀರ್ಮಾನಿಸುವುದಿಲ್ಲ. ಒತ್ತಡ ಹೆಚ್ಚಿದ್ದರೂ ನರ ಚೆನ್ನಾಗಿರುವವರಿದ್ದಾರೆ. ಒತ್ತಡ ಸರಿಯಿದ್ದೂ ನರ ಸವೆಯುವವರಿದ್ದಾರೆ. ಹಾಗಾಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಎಷ್ಟು ದಪ್ಪ ಎಂದು ಅಳೆದರು, ಅದು ದಪ್ಪವಿದ್ದರೆ ಒತ್ತಡ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದಂತೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಒಂದು ಪುಟ್ಟ ಲೆನ್ಸ್ ಕಣ್ಣಿಗೆ ತಾಗಿಸಿ, ಒಳಗಿನ ನೀರು ಹರಿದುಹೋಗುವ ಕೋನ ತೆರೆದಿದೆಯೇ ಎಂದು ನೋಡಿದರು. ಆಮೇಲೆ ಪಾಪೆ ಹಿಗ್ಗಿಸಿ ಕಣ್ಣಿನ ನರ ನೋಡಿದರು. ನರದ ನಡುವಿನ ಗುಳಿ ಬಲಗಣ್ಣಲ್ಲಿ ದೊಡ್ಡದಾಗಿತ್ತು.

ನೋಟದ ಹರವು ಅಳೆಯುವ ಪರೀಕ್ಷೆಗೆ ಇನ್ನೊಂದು ದಿನ ಕರೆದರು. ಒಂದು ಕಣ್ಣು ಮುಚ್ಚಿ, ಗಲ್ಲ ಇಟ್ಟು, ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಚುಕ್ಕಿ ಮಿಂಚಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಮಾವ ಹೊರಗೆ ಬಂದು, "ಬಲಗಣ್ಣಿಗೆ ಬಹಳ ಹೊತ್ತು ಏನೂ ಬರಲೇ ಇಲ್ಲ, ಯಂತ್ರ ನಿಂತುಹೋಗಿತ್ತೇನೋ" ಅಂದರು. ಎಲ್ಲ ಚುಕ್ಕಿಯೂ ಯಾರಿಗೂ ಕಾಣುವುದಿಲ್ಲ, ಯಂತ್ರ ಬೇಕೆಂದೇ ತೀರಾ ಮಂಕು ಚುಕ್ಕಿಗಳನ್ನೂ ತೋರಿಸುತ್ತದೆ, ಗಾಬರಿಯಾಗಬೇಡಿ ಎಂದು ಪರೀಕ್ಷೆ ಮಾಡಿದವರು ಸಮಾಧಾನ ಹೇಳಿದರು. ಮೊದಲ ಸಲದ ಫಲಿತಾಂಶ ಅಷ್ಟು ನಂಬುವಂತಿರುವುದಿಲ್ಲ ಎಂದು ಮತ್ತೊಮ್ಮೆ ಮಾಡಿದರು. ಎರಡು ಸಲವೂ ಬಲಗಣ್ಣಿನ ಚಿತ್ರದಲ್ಲಿ ಮೂಗಿನ ಕಡೆಗೆ ಮೇಲ್ಭಾಗದಲ್ಲಿ ಒಂದು ಕಪ್ಪು ಪಟ್ಟಿ. ಆ ಜಾಗ ಅವರಿಗೆ ಕಾಣುತ್ತಿರಲಿಲ್ಲ. ಎಡಗಣ್ಣು ಅದನ್ನು ತುಂಬಿಕೊಡುತ್ತಿತ್ತು. ಒಂದು ಕಣ್ಣು ಮುಚ್ಚಿದಾಗಲೂ ಅಲ್ಲಿ ಕಪ್ಪು ಕಲೆ ಕಾಣುವುದಿಲ್ಲ, ಮಿದುಳು ಸುತ್ತಲಿನದನ್ನೇ ಎಳೆದು ಹೊಂದಿಸಿಬಿಡುತ್ತದೆ. ಹಾಗಾಗಿ ಕ್ಯಾಲೆಂಡರ್ ಮುಂದೆ ನಿಂತು ಮಾಡಿದ ನಮ್ಮ ಪರೀಕ್ಷೆಗೆ ಇದು ಸಿಗುವುದು ಸಾಧ್ಯವೇ ಇರಲಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿ ನೋಡುವುದು ಒಳ್ಳೆಯದೇ. ಆದರೆ ಅದನ್ನು ನಂಬಿಕೊಂಡು ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬಾರದು.

ಗ್ಲಾಕೋಮಾದಲ್ಲಿ ಹೋದ ನೋಟ ಮರಳಿ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ಡ್ರಾಪ್ಸ್, ಕೆಲವರಿಗೆ ಲೇಸರ್, ಕೆಲವರಿಗೆ ಆಪರೇಷನ್. ಮಾವನಿಗೆ ರಾತ್ರಿ ಒಂದು ಹೊತ್ತಿನ ಡ್ರಾಪ್ಸ್ ಬರೆದುಕೊಟ್ಟರು. ತೊಂದರೆಯೇ ಗೊತ್ತಾಗದ ಕಾಯಿಲೆಗೆ ದಿನಾ ಔಷಧಿ ಹಾಕುವುದು ಎಷ್ಟು ಕಷ್ಟ ಎಂದು ಆಮೇಲೆ ಅರ್ಥವಾಯಿತು. ಹಾಕಿದರೆ ಏನೂ ಸುಧಾರಿಸಿದಂತೆ ಅನಿಸುವುದಿಲ್ಲ, ಬಿಟ್ಟರೆ ಏನೂ ಕೆಟ್ಟಂತೆ ಅನಿಸುವುದಿಲ್ಲ. ಅದಕ್ಕೇ ಎಷ್ಟೋ ಜನ ನಡುವೆ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಆ ಬಾಟಲಿ ಮಾವನ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇರುತ್ತದೆ.

ಹಾಕುವ ಕ್ರಮವನ್ನು ನರ್ಸ್ ಕೈಹಿಡಿದು ಕಲಿಸಿದರು. ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಬೆರಳಿಂದ ಎಳೆದರೆ ಒಂದು ಪುಟ್ಟ ಜೇಬಿನ ಹಾಗೆ ತೆರೆಯುತ್ತದೆ. ಅಲ್ಲಿಗೆ ಒಂದೇ ಹನಿ. ಕಣ್ಣು ಅದಕ್ಕಿಂತ ಜಾಸ್ತಿ ಹಿಡಿಯುವುದೇ ಇಲ್ಲ, ಎರಡನೆಯದು ಕೆನ್ನೆಗಿಳಿಯುತ್ತದೆ. ಬಾಟಲಿಯ ತುದಿ ರೆಪ್ಪೆಗಾಗಲಿ ಕಣ್ಣಿಗಾಗಲಿ ತಾಗಬಾರದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಂಚನ್ನು ಒಂದೆರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಬೇಕು. ಆಗ ಔಷಧಿ ಮೂಗಿಗೆ, ಗಂಟಲಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಬೇಕು. ಬಾಟಲಿ ತೆರೆದ ತಾರೀಖನ್ನು ಅದರ ಮೇಲೇ ಬರೆದಿಡುತ್ತೇವೆ, ಚೀಟಿಯಲ್ಲಿ ಹೇಳಿದಷ್ಟು ದಿನವಾದ ಮೇಲೆ ಉಳಿದಿದ್ದರೂ ಎಸೆಯುತ್ತೇವೆ. ಈ ಔಷಧಿಯಿಂದ ಮಾವನ ರೆಪ್ಪೆಕೂದಲು ಉದ್ದವಾಗಿ, ಕಪ್ಪಾಗಿ ಬೆಳೆದಿದೆ. ಇದು ಆ ಬಗೆಯ ಡ್ರಾಪ್ಸಿನಲ್ಲಿ ಆಗುವಂಥದ್ದೇ ಎಂದರು. ಒತ್ತಡ ಈಗ 16ರ ಆಸುಪಾಸಿನಲ್ಲಿದೆ.

ನಮ್ಮವರಿಗೆ ಶುಗರ್ ಇದೆ. ಅವರ ದೃಷ್ಟಿ 6/6, ಒತ್ತಡವೂ ಸರಿ. ಆದರೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಫೋಟೋದಲ್ಲಿ ಅಲ್ಲಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕಿಗಳು. ಸಕ್ಕರೆಯಿಂದ ಸಣ್ಣ ರಕ್ತನಾಳಗಳ ಗೋಡೆ ಉಬ್ಬಿದ್ದು. ಇದು ಮೊದಲ ಹಂತ, ಈಗ ಕಣ್ಣಿಗೆ ಚಿಕಿತ್ಸೆ ಬೇಡ, ಸಕ್ಕರೆ ಮತ್ತು ಬಿಪಿ ಹಿಡಿತದಲ್ಲಿಡಿ ಎಂದರು. ಟೈಪ್ 2 ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರೆಟಿನಾ ತೋರಿಸಬೇಕು. ಕಣ್ಣು ಮಂಜಾಗುವವರೆಗೆ ಕಾದರೆ ಕಾಯಿಲೆ ಎಷ್ಟೋ ಮುಂದೆ ಹೋಗಿರುತ್ತದೆ. ಪಾಪೆ ಹಿಗ್ಗಿಸಿದ ದಿನ ಗಾಡಿ ಓಡಿಸಲು ಆಗುವುದಿಲ್ಲ, ಬಿಸಿಲು ಚುಚ್ಚುತ್ತದೆ, ಹತ್ತಿರದ ಅಕ್ಷರ ಕೆಲವು ಗಂಟೆ ಮಸುಕು. ಜೊತೆಗೊಬ್ಬರು ಇರಬೇಕು, ತಂಪು ಕನ್ನಡಕ ಕೈಯಲ್ಲಿರಬೇಕು.

ಅತ್ತೆಯದು ಪೊರೆ. ಒಂದು ಕಣ್ಣಿನ ಆಪರೇಷನ್ ಹಿಂದೆಯೇ ಆಗಿತ್ತು, ಗೋಡೆ ಬಿಳಿ ಕಂಡಿದ್ದು ಅದರಲ್ಲಿ. ಇನ್ನೊಂದರ ಪೊರೆ ಬಲಿಯಲಿ ಎಂದು ಅವರು ಕಾಯುತ್ತಿದ್ದರು. ಈಗ ಹಾಗೆ ಕಾಯಬೇಕಿಲ್ಲ. ದಿನದ ಕೆಲಸಕ್ಕೆ ತೊಡಕಾದಾಗ ಮಾಡಿಸಿಕೊಳ್ಳಬಹುದು. ತೀರಾ ಬಲಿತರೆ ಆಪರೇಷನ್ ಇನ್ನಷ್ಟು ಕಷ್ಟವೇ ಆಗುತ್ತದೆ. ಪೊರೆ ಕರಗಿಸುವ ಡ್ರಾಪ್ಸ್ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣೊಳಗೆ ಇಡುವ ಲೆನ್ಸಿನ ಬಗ್ಗೆ ಅತ್ತೆಗೆ ಭಯ ಇತ್ತು, ಹೊರಗಿನ ವಸ್ತು ಒಳಗೆ ಹೇಗೆ ಉಳಿಯುತ್ತದೆ ಎಂದು. ಅದರ ಕಥೆ ಓದಿ ಹೇಳಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಹೊದಿಕೆ ಒಡೆದು ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ವೈದ್ಯರು ಗಮನಿಸಿದರು. ಅಂಥದ್ದೇ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ಒಬ್ಬ ರೋಗಿಯ ಕಣ್ಣಿಗೆ ಇಟ್ಟರು. ಅತ್ತೆ ಪೂರ್ತಿ ಕೇಳಿ, "ಪಾಪ, ಆ ಹುಡುಗರು" ಅಂದರು. ಮುಂದಿನ ವಾರ ಆಪರೇಷನ್‌ಗೆ ದಿನ ಗೊತ್ತುಮಾಡಿಕೊಂಡು ಬಂದರು.

ನನ್ನದು ಹೆಚ್ಚೇನಿಲ್ಲ. ಚಾಳೀಸು ಬಂದಿದೆ, ಜೊತೆಗೆ ಕಣ್ಣು ಒಣಗುತ್ತದೆ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆಯಾಗುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರಕ್ಕೆ, 20 ಸೆಕೆಂಡ್ ನೋಡಿ ಎಂದರು. ನಾನು ಅದರ ಜೊತೆಗೆ ಬೇಕೆಂದೇ ಪೂರ್ತಿ ರೆಪ್ಪೆ ಮುಚ್ಚಿ ತೆರೆಯುತ್ತೇನೆ, ಸಂಜೆಯ ಉರಿ ಕಡಿಮೆಯಾಗಿದೆ. ನೀಲಿ ಬೆಳಕು ತಡೆಯುವ ಗಾಜು ಹಾಕಿಸಲಾ ಎಂದು ಕೇಳಿದೆ. ಕಣ್ಣಿನ ಆಯಾಸಕ್ಕೆ ಅದರಿಂದ ಲಾಭ ಕಂಡುಬಂದಿಲ್ಲ ಎಂದರು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೂ ಅದನ್ನೇ ಹೇಳಿದೆ. ಹಾಗಾಗಿ ಬೇಡವೆಂದೆ.

ಮನೆಯಲ್ಲಿ ಕೆಲವು ಸಂಗತಿ ಬದಲಾಯಿತು. ಮಗಳು ದಿನವೂ ಹೊರಗೆ ಆಡಲೇಬೇಕು, ಸಾಧ್ಯವಾದರೆ 2 ಗಂಟೆ. ಹೊರಗಿನ ಬೆಳಕಿನಲ್ಲಿ ಹೆಚ್ಚು ಕಳೆಯುವ ಮಕ್ಕಳಿಗೆ ಮೈನಸ್ ನಂಬರ್ ಬರುವ ಸಾಧ್ಯತೆ ಕಡಿಮೆ. ಅವಳದು ಪ್ಲಸ್ ನಂಬರ್, ಆದರೂ ಆಟ ಎಲ್ಲರಿಗೂ ಒಳ್ಳೆಯದೇ, ಅಲ್ವಾ? ಯಾರದೋ ಉಳಿದ ಡ್ರಾಪ್ಸನ್ನು ಕಣ್ಣು ಕೆಂಪಾದಾಗ ಹಾಕಿಕೊಳ್ಳುವುದು ಪೂರ್ತಿ ನಿಂತಿದೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಉರಿ ಬೇಗ ಇಳಿದು ಹಿತ ಅನಿಸುತ್ತದೆ. ಡಾಕ್ಟರ ಕಣ್ಗಾವಲಿಲ್ಲದೆ ಬಹಳ ದಿನ ಹಾಕಿದರೆ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬೇಗ ಬರುತ್ತದೆ. ನಮ್ಮವರು ಗೋಡೆ ಕೊರೆಯುವಾಗ ರಕ್ಷಣೆಯ ಕನ್ನಡಕ ಹಾಕುತ್ತಾರೆ. ಕ್ಲೀನರ್‌ನಂಥ ರಾಸಾಯನಿಕ ಕಣ್ಣಿಗೆ ಸಿಡಿದರೆ ಮೊದಲು ನೀರು. ರೆಪ್ಪೆ ತೆರೆದು ಹಿಡಿದು 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆದು, ಆಮೇಲೆ ಆಸ್ಪತ್ರೆಗೆ. ಇದ್ದಕ್ಕಿದ್ದಂತೆ ಮಿಂಚು ಕಂಡರೆ, ಕಪ್ಪು ಚುಕ್ಕಿಗಳು ಮಳೆಯಂತೆ ಬಂದರೆ, ನೋಟಕ್ಕೆ ಪರದೆ ಇಳಿದಂತಾದರೆ ನಾಳೆಗೆ ಬಿಡಬಾರದು. ರೆಟಿನಾ ಕಿತ್ತುಬರುತ್ತಿರಬಹುದು. ಮಗುವಿನ ಫೋಟೋದಲ್ಲಿ ಒಂದು ಪಾಪೆ ಕೆಂಪಾಗಿ, ಇನ್ನೊಂದು ಬಿಳಿಯಾಗಿ ಹೊಳೆದರೆ ತಕ್ಷಣ ತೋರಿಸಬೇಕು. ಅದು ಕಣ್ಣೊಳಗಿನ ಗೆಡ್ಡೆಯ ಗುರುತೂ ಆಗಿರಬಹುದು.

ಗ್ಲಾಕೋಮಾ ಇರುವವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಬರುವ ಸಂಭವ ಉಳಿದವರಿಗಿಂತ ಜಾಸ್ತಿ. ನಮ್ಮವರನ್ನು ಆ ದೃಷ್ಟಿಯಿಂದಲೂ ನೋಡಿದರು, ಸದ್ಯಕ್ಕೆ ಏನಿಲ್ಲ. ಬೇರೆ ಊರುಗಳಲ್ಲಿರುವ ತಂಗಿಗೂ ತಮ್ಮನಿಗೂ ಮಾವ ತಾವೇ ಫೋನ್ ಮಾಡಿ ವಿಷಯ ತಿಳಿಸಿದರು. ನೋಟದ ಪರೀಕ್ಷೆಯ ಚಿತ್ರವನ್ನು ನನ್ನ ಫೋನಿನಿಂದ ಇಬ್ಬರಿಗೂ ಕಳಿಸಿಸಿದರು. "ಆ ಕಪ್ಪು ಜಾಗ ನನಗೆ ಕಾಣ್ತಾ ಇಲ್ಲ ಅಂತ ನನಗೇ ಗೊತ್ತಿರಲಿಲ್ಲ ಕಣಮ್ಮ, ನೀನು ಹೋಗಿ ತೋರಿಸ್ಕೋ" ಎಂದು ತಂಗಿಗೆ ಹೇಳಿದರು. ಅವರು ಹೋಗಿ ಬಂದಿದ್ದಾರೆ. ಒತ್ತಡ ಸರಿಯಿದೆ, ನರವೂ ಚೆನ್ನಾಗಿದೆ, ವರ್ಷಕ್ಕೊಮ್ಮೆ ಬನ್ನಿ ಎಂದರಂತೆ. ಮಾವನ ತಮ್ಮ ಇನ್ನೂ ಹೋಗಿಲ್ಲ. ಕಣ್ಣು ಚೆನ್ನಾಗೇ ಕಾಣುತ್ತಲ್ಲ ಅನ್ನುತ್ತಿದ್ದಾರೆ. ಮಾವ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದಾರೆ.